ಡಾಕ್ಟರಮ್ಮ ನಮ್ಮವ್ವನ ಮರೆವು ಬರೆದುಕೊಂಡಿದ್ದು

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ಮುದುಕರ ಮರೆವಿಗೂ, ಅವರು ತಿಂದದ್ದು ಮೈಗೆ ಹತ್ತುವುದಕ್ಕೂ ಏನು ನಂಟು ಅಂತ ಸಂಶೋಧನೆ ಮಾಡಲು ಒಬ್ಬ ಡಾಕ್ಟರಮ್ಮ ನಮ್ಮೂರು ಮೇಲೂರಿಗೆ ಬಂದಿದ್ದರು. ಮನೆ ತೋರಿಸುವ ಕೆಲಸ ನನಗೆ ಸಿಕ್ಕಿತು. ಯಾವ ಮನೇಲಿ ಅತ್ತೆಗೆ ನೀರುಸಾರು, ಸೊಸೆಗೆ ತುಪ್ಪ ಅನ್ನೋದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೇಳದಿದ್ದರೂ ಹೇಳುತ್ತಿದ್ದೆ.

ಕೊನೆಗೆ ಅದೇ ಊರಿನ ನನ್ನ ತವರುಮನೆಗೆ ಕರೆದುಕೊಂಡು ಹೋದೆ. ಅವ್ವ ನನ್ನ ಗುರುತು ಹಿಡಿದು ವರ್ಷವಾಗಿತ್ತು. ಈಯಮ್ಮ ಏನಾದರೂ ಪಥ್ಯ ಹೇಳಿ, ಅವ್ವ ಒಂದೇ ಒಂದು ಸಲ ನನ್ನ ಹೆಸರು ಹಿಡಿದು ಕೂಗಿದರೆ ಸಾಕು ಅಂತ ಆಸೆ.

"ನಿಮ್ಮ ಯಜಮಾನರ ಹೆಸರೇನಜ್ಜಿ?" ಅಂದರು ಡಾಕ್ಟರಮ್ಮ. ಅವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅವರು 'ಮರೆತಿದ್ದಾರೆ' ಅಂತ ಬರೆದುಕೊಂಡರು.

"ಅಯ್ಯೋ, ಅಳಿಸಿ ಅದನ್ನ! ನಮ್ಮಲ್ಲಿ ಯಾವ ಹೆಂಗಸು ಗಂಡನ ಹೆಸರು ಹೇಳ್ತಾಳೆ? ನೆನಪಿರೋದಕ್ಕೇ ನಾಚ್ಕೊಂಡ್ಲು," ಅಂದೆ. ನನಗೆ ಎದೆಯುಬ್ಬಿತ್ತು.

ಡಾಕ್ಟರಮ್ಮ ನನ್ನ ಕಡೆ ಕೈ ತೋರಿಸಿ, "ಇವರು ಯಾರಜ್ಜಿ?" ಅಂದರು.

ಅವ್ವ ನನ್ನನ್ನೇ ದಿಟ್ಟಿಸಿದಳು. "ಯಾರೋ ಪುಣ್ಯಾತ್ಗಿತ್ತಿ. ದಿನಾ ಬಂದು ಮುದ್ದೆ ಮುರಿದು ಬಾಯಿಗಿಡ್ತಾಳೆ," ಅಂದವಳು ನನ್ನ ಕೈ ಹಿಡಿದುಕೊಂಡು, "ನನ್ನ ಮಗಳು ಸಿಕ್ಕಿದ್ರೆ ಬರೋಕೆ ಹೇಳಮ್ಮ. ಬಾಯಿ ಜೋರು, ಮನಸು ಒಳ್ಳೇದು. ನೋಡ್ಬೇಕು ಅನ್ಸುತ್ತೆ ಕಣಮ್ಮ," ಅಂದಳು.

"ಹೇಳ್ತೀನವ್ವ," ಅಂದೆ.

ಡಾಕ್ಟರಮ್ಮ ಪೆನ್ನು ಹಿಡಿದು ಕಾಯುತ್ತಿದ್ದರು.

"ಬೆಳಗ್ಗೆ ಒಂದೂವರೆ ಮುದ್ದೆ ತಿಂದಿದ್ದಾಳೆ," ಅಂದೆ. "ಅಷ್ಟು ಬರ್ಕೊಳ್ಳಿ ಸಾಕು."