ಕಿರುಚುವ ಎಂಜಿನ್, ಕದಲದ ಕಾರು

ಕಳೆದ ವಾರ ನಾನು ಒಂದು ಕಾರಿನ ಬೀಳ್ಕೊಡುಗೆಗೆ ಹೋಗಿದ್ದೆ. ಶಾಲು, ಹಾರ ಒಯ್ದಿರಲಿಲ್ಲ, ಅಷ್ಟೆ. ಮುಖದಲ್ಲಿ ಸಂದರ್ಭಕ್ಕೆ ತಕ್ಕ ಗಾಂಭೀರ್ಯವಿತ್ತು.

ಕಾರು ನನ್ನ ಗೆಳೆಯ ಗುರುಶಾಂತಪ್ಪನವರ ಮನೆಯದು. ಅರಸೀಕೆರೆಯಲ್ಲಿ ಅವರದು ತೆಂಗಿನಕಾಯಿ ಮಂಡಿ. ಓಡಿಸುವವಳು ಮಗಳು ವನಜಾ. ಡ್ರ್ಯಾಗ್ ರೇಸ್ ಎಂಬ ಆಟಕ್ಕಾಗಿ ಹಳೇ ಫಾರಿನ್ ಕಾರೊಂದನ್ನು ಅವಳೇ ಬಿಚ್ಚಿ, ಅವಳೇ ಕಟ್ಟಿದ್ದಳು. (ನೇರ ರಸ್ತೆಯಲ್ಲಿ ಎರಡು ಕಾರು ಒಟ್ಟಿಗೆ ಹೊರಡುತ್ತವೆ. ನೋಡಲು ಹೋದವರು ಕಡಲೆಕಾಯಿ ಪೊಟ್ಟಣ ಬಿಚ್ಚುವುದರೊಳಗೆ ಆಟ ಮುಗಿದಿರುತ್ತದೆ.)

ಬೆಂಗಳೂರಿನ ಹತ್ತಿರ, ವಿಮಾನಗಳು ಬಿಟ್ಟುಹೋದ ರನ್‌ವೇ ಒಂದರಲ್ಲಿ ಮುಂದಿನ ಭಾನುವಾರ ರೇಸು. ಆದರೆ ಕಾರಿಗೆ ಕಾಯಿಲೆ. ಆಕ್ಸಿಲರೇಟರ್ ತುಳಿದರೆ ಎಂಜಿನ್ ಊರು ಹಾರಿಹೋಗುವಂತೆ ಕಿರುಚುತ್ತದೆ, ಕಾರು ಮಾತ್ರ ಊಟ ಮುಗಿಸಿದ ಬೀಗರಂತೆ ನಿಧಾನವಾಗಿ ಏಳುತ್ತದೆ.

ಗುರುಶಾಂತಪ್ಪನವರಿಗೆ ಈ ಆಟವೇ ಬೇಡ. ಹೆಣ್ಣುಮಗಳು, ಅಪಾಯ, ಜನ ಏನಂತಾರೆ, ಹೀಗೆ ವಾದ ಉದ್ದವಿತ್ತು. ಕೊನೆಗೆ ತೀರ್ಪು ಕೊಟ್ಟರು: ಇವತ್ತು ಕಾರು ಸರಿಯಾಗಿ ಓಡಬೇಕು, ಇಲ್ಲದಿದ್ದರೆ ಸಂಜೆಯೇ ಹಾಸನದ ಗಿರಾಕಿಗೆ ಫೋನ್ ಮಾಡಿ ಕೊಟ್ಟುಬಿಡುವುದು. ವನಜಾ ಒಪ್ಪಿದಳು. ತೀರ್ಪಿಗೆ ಸಾಕ್ಷಿ ನಾನು.

ಬಾಣಾವರದ ಕಡೆ ಹೊಸದಾಗಿ ಹಾಕಿ, ಇನ್ನೂ ಜನಕ್ಕೆ ಬಿಡದ ಒಂದು ರಸ್ತೆಯಿದೆ. ಕಂಟ್ರಾಕ್ಟರು ಗುರುಶಾಂತಪ್ಪನವರ ಷಡ್ಡಕ. ಹಾಗಾಗಿ ರಸ್ತೆಯ ಉದ್ಘಾಟನೆ ಮಂತ್ರಿಗಳಿಗಿಂತ ಮುಂಚೆ ನಮ್ಮಿಂದಲೇ ಆಯಿತು.

ಕ್ಲಚ್ ಪ್ಲೇಟ್ ಹೋಗಿರಬೇಕು ಎಂದೆ, ತಿಳಿದವನಂತೆ. ಈ ಕಾರಿಗೆ ಕ್ಲಚ್ ಪೆಡಲ್ಲೇ ಇಲ್ಲ ಅಂಕಲ್ ಎಂದಳು ವನಜಾ. ಮತ್ತೆ ಎಂಜಿನ್ನಿನ ಬಲ ಗೇರಿಗೆ ಮುಟ್ಟುವುದು ಹೇಗೆ ಎಂದೆ.

"ಎರಡು ಟೇಬಲ್ ಫ್ಯಾನ್ ಎದುರುಬದುರು ಇಡಿ. ಒಂದಕ್ಕೆ ಮಾತ್ರ ಕರೆಂಟ್ ಕೊಡಿ. ಅದರ ಗಾಳಿಗೆ ಇನ್ನೊಂದೂ ತಿರುಗುತ್ತಲ್ಲ? ಇಲ್ಲಿ ಗಾಳಿ ಬದಲು ಎಣ್ಣೆ. ಅದಕ್ಕೆ ಟಾರ್ಕ್ ಕನ್ವರ್ಟರ್ ಅಂತಾರೆ."

ಅಷ್ಟು ಭಾರದ ಕಬ್ಬಿಣವನ್ನು ಮುಂದಕ್ಕೆ ನೂಕುವುದು ಒಂದಿಷ್ಟು ಎಣ್ಣೆ! ಹಳೇಬೀಡಿನ ಆ ನುಣುಪು ಕಂಬಗಳ ಮುಂದೆ ಕಲ್ಲನ್ನು ಹೀಗೂ ತಿರುಗಿಸಿ ಕಡೆದರೇ ಎಂದು ಬಾಯಿ ಬಿಟ್ಟುಕೊಂಡು ನಿಂತವನು ನಾನು. ಅದೇ ಬಾಯಿ ಬಾಣಾವರದಲ್ಲಿ ಮತ್ತೆ ತೆರೆಯಿತು.

ಎಣ್ಣೆಯ ಈ ಹಿಡಿತ ಸಡಿಲವಾದರೆ ಎಂಜಿನ್ ಓಡುತ್ತದೆ, ಕಾರು ಓಡುವುದಿಲ್ಲ. ಅದಕ್ಕೆ ಸ್ಲಿಪ್ ಎನ್ನುತ್ತಾರೆ. ಕನ್ವರ್ಟರೇ ಹಾಳಾಗಿದ್ದರೆ ಹೊಸದು ಹೊರದೇಶದಿಂದ ಬರಬೇಕು. ಅಂದರೆ ರೇಸೂ ಇಲ್ಲ, ಕಾರೂ ಇಲ್ಲ.

ವನಜಾ ಚಕ್ರಗಳಿಗೆ ಕಲ್ಲು ಕೊಟ್ಟಳು. ಕಾರಿನ ಎದುರು ಮುಖ್ಯ ಅತಿಥಿಯಂತೆ ನಿಂತಿದ್ದ ನನ್ನನ್ನು ಪಕ್ಕಕ್ಕೆ ಕಳಿಸಿದಳು. ಒಂದು ಕಾಲಲ್ಲಿ ಬ್ರೇಕ್ ಅದುಮಿ, ಇನ್ನೊಂದರಲ್ಲಿ ಆಕ್ಸಿಲರೇಟರ್ ತುಳಿದಳು. ಎಂಜಿನ್ ವೇಗ ತೋರಿಸುವ ಮೀಟರಿನ ಮುಳ್ಳು ಎಲ್ಲಿ ನಿಲ್ಲಬೇಕೋ ಆ ಗೆರೆಯಲ್ಲೇ ನಿಂತಿತು. ಎಣ್ಣೆಯ ಹಿಡಿತ ಬಿಗಿಯಾಗಿದೆ, ಕಾಯಿಲೆಯೇ ಇಲ್ಲ! ಒಂದೆರಡು ಸಲ ರಸ್ತೆಯ ತುದಿ ಮುಟ್ಟಿ ಬಂದು ಮತ್ತೆ ಅದೇ ಪರೀಕ್ಷೆ. ಈಗ ಮುಳ್ಳು ಗೆರೆ ದಾಟಿ ಏರಿತು, ಎಂಜಿನ್ ಕಿರುಚಿತು.

ಗುರುಶಾಂತಪ್ಪನವರು ಗಡಿಯಾರ ನೋಡಿಕೊಂಡರು.

ವನಜಾ ತನಗೆ ತಾನೇ ಹೇಳಿಕೊಂಡಂತೆ ಅಂದಳು: ಮುರಿದ ವಸ್ತು ಮೊದಲಿನಿಂದಲೇ ಮುರಿದಿರಬೇಕು. ಓಡಿದ ಮೇಲೆ ಕೆಡುತ್ತದೆ ಎಂದರೆ, ಓಡುವಾಗ ಬದಲಾಗುವುದು ಯಾವುದು?

ಎಣ್ಣೆ.

ಕನ್ವರ್ಟರಿಗೂ ಗೇರಿಗೂ ಒಂದೇ ಎಣ್ಣೆ. ಎಂಜಿನ್ ಚಾಲೂ ಇದ್ದಂತೆಯೇ ಗೇರ್‌ಬಾಕ್ಸಿನ ಅಳತೆಕಡ್ಡಿ ಎಳೆದಳು. ಸುಟ್ಟ ವಾಸನೆಯಿಲ್ಲ, ಕರಿಬಣ್ಣವಿಲ್ಲ. ಆದರೆ ಕಡ್ಡಿಯ ತುಂಬ ನೊರೆ, ಆಗಷ್ಟೇ ಕರೆದ ಹಾಲಿನ ಹಾಗೆ. ಅದೂ ಕಡ್ಡಿಯ ಗೆರೆಯಿಂದ ಬಹಳ ಮೇಲೆ. ಎಣ್ಣೆ ಹೆಚ್ಚಾಗಿ, ತಿರುಗುವ ಭಾಗಗಳಿಗೆ ಸಿಕ್ಕಿ, ಕಡೆದು ನೊರೆಯಾಗಿತ್ತು. ನೊರೆಗೆ ಕಾರು ನೂಕುವ ತಾಕತ್ತು ಎಲ್ಲಿಂದ ಬರಬೇಕು?

"ಅಪ್ಪಾ, ನಾನು ಅಳತೆ ನೋಡಿ ಹಾಕಿದ್ದೆ. ಆಮೇಲೆ ಯಾರು ಹಾಕಿದ್ದು?"

ಗುರುಶಾಂತಪ್ಪನವರು ದೂರದ ತೆಂಗಿನಮರವೊಂದನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಅಲ್ಲ ಕಣಮ್ಮ, ಅಷ್ಟು ಜೋರಾಗಿ ಓಡೋ ಗಾಡಿ. ಕಡಿಮೆ ಬಿದ್ದು ನಡುದಾರೀಲಿ ಏನಾದ್ರೂ ಆದ್ರೆ? ಅದಕ್ಕೇ ದಿನಾ ಬೆಳಿಗ್ಗೆ ಸ್ವಲ್ಪ ಕೊಸರು ಹಾಕ್ತಿದ್ದೆ."

ಕೊಸರು! ನೂರು ಕಾಯಿ ಎಣಿಸಿದ ಮೇಲೆ ಕೈತುಂಬ ಕೊಸರು ಹಾಕದೆ ಅವರ ಮಂಡಿಯಿಂದ ಒಂದು ಚೀಲವೂ ಹೊರಬಿದ್ದಿಲ್ಲ. ಅವರ ಅಪ್ಪನ ಕಾಲದಿಂದಲೂ ಹಾಗೇ. ಲೆಕ್ಕಕ್ಕೆ ಸರಿಯಾಗಿ ಕೊಡುವುದೆಂದರೆ ಆ ಮನೆಯಲ್ಲಿ ಜಿಪುಣತನ. ಗೇರ್‌ಬಾಕ್ಸಿಗೂ ಅದೇ ಧಾರಾಳ ನಡೆದಿತ್ತು, ಅದೂ ಕಾರು ಬೇಡವೇ ಬೇಡ ಎನ್ನುತ್ತಿದ್ದ ಕೈಯಿಂದ.

ವನಜಾ ಬೈಯಲಿಲ್ಲ. ಟ್ಯೂಬ್ ಇಳಿಸಿ ಹೆಚ್ಚಿನದನ್ನು ಹೀರಿ ತೆಗೆದಳು. ನೊರೆ ಇಳಿಯುವವರೆಗೆ ಕಾದಳು. ಕಡ್ಡಿಯ ಗೆರೆ ನೋಡಿದಳು, ಅಪ್ಪನಿಗೂ ತೋರಿಸಿದಳು. ಆಮೇಲೆ ಹೊರಟಳು.

ಅದನ್ನು ವರ್ಣಿಸುವ ಶಕ್ತಿ ನನ್ನ ಪೆನ್ನಿಗಿಲ್ಲ. ಶಬ್ದ ನಮ್ಮ ಬಳಿಯೇ ಇತ್ತು, ಕಾರು ಇರಲಿಲ್ಲ. ರಸ್ತೆಯ ತುದಿಯಲ್ಲಿ ಒಂದು ಕೆಂಪು ಚುಕ್ಕೆ ನಿಂತಿತ್ತು. ನಾನು ಯಾಕೋ ಚಪ್ಪಲಿ ಕಳಚಿ ನಿಂತಿದ್ದೆ. ಮತ್ತೆ ಮತ್ತೆ ಓಡಿಸಿ, ಬ್ರೇಕ್ ಅದುಮಿ ಅದೇ ಪರೀಕ್ಷೆ ಮಾಡಿದಳು. ಮುಳ್ಳು ಗೆರೆ ದಾಟಲಿಲ್ಲ.

ಸಂಜೆ ಗುರುಶಾಂತಪ್ಪನವರು ಹಾಸನಕ್ಕೆ ಫೋನ್ ಮಾಡಿದರು. ಕಾರು ಕೊಡೋದಿಲ್ಲ ಸ್ವಾಮಿ, ಮಗಳಿಗೆ ಭಾನುವಾರ ಬೇಕು ಅಂದರು. ರಿಸೀವರ್ ಇಟ್ಟು ನನ್ನ ಕಡೆ ತಿರುಗಿ, ಆದರೂ ಈ ಆಟ ನನಗೆ ಒಪ್ಪಿಗೆಯಿಲ್ಲ ಅಂತ ನೀವು ಅವಳಿಗೆ ಹೇಳಬೇಕು ಎಂದರು.

ನಿಮ್ಮ ಮನೆಯಲ್ಲೂ ಯಾವುದಕ್ಕಾದರೂ ಬೇಡ ಬೇಡ ಎನ್ನುವ ಹಿರಿಯರಿದ್ದಾರೆಯೇ? ಒಮ್ಮೆ ಅವರ ಕೈ ಮೂಸಿ ನೋಡಿ.