ಎರಡು ಚಮಚ ಝುಣಕ

ಲಗ್ಗೆರೆಯಲ್ಲಿ ಕಾರ್ಖಾನೆಯ ನಾವೆಲ್ಲ ಉಣ್ಣುತ್ತಿದ್ದದ್ದು ಬಾಗಲಕೋಟೆ ಕಡೆಯ ಅಕ್ಕನ ಖಾನಾವಳಿಯಲ್ಲಿ. ಸಾಕೆಂದು ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ರೊಟ್ಟಿ ತೂರಿಸಿ, "ಇನ್ನೊಂದ್ ಹೋಗತೈತಿ, ತಗೋರಿ" ಅನ್ನುತ್ತಿದ್ದರು.

ಮೈಭಾರಕ್ಕೆ ಮಂಡಿ ಸೋತು, ಅಕ್ಕ ಹೊಟ್ಟೆಯ ಚೀಲ ಚಿಕ್ಕದು ಮಾಡುವ ಆಪರೇಷನ್ ಮಾಡಿಸಿಕೊಂಡು ಬಂದರು. ಪ್ರೋಟೀನ್ ಸಾಲದಿದ್ದರೆ ಕೂದಲು ಉದುರುತ್ತದೆ, ಮೊದಲು ಕಾಳು, ಮೊಸರು ತಿನ್ನಿ ಎಂದಿದ್ದರಂತೆ ಡಾಕ್ಟರು. ನಮಗೆ ಬೋಗುಣಿ ತುಂಬ ಕಡಲೆಹಿಟ್ಟಿನ ಝುಣಕ ಮಾಡುತ್ತಿದ್ದ ಅಕ್ಕ, ತಾವು ಎರಡು ಚಮಚ ತಿಂದು ಬಚ್ಚಲಿಗೆ ಓಡುತ್ತಿದ್ದರು. ಪ್ರೋಟೀನ್ ಪುಡಿ ಕಲಸಿದ ಹಾಲೂ ನಿಲ್ಲಲಿಲ್ಲ. "ಒಳಗ ಜಾಗಾನ ಇಲ್ರಿ" ಎಂದು ಬಾಯಿ ಒರೆಸಿಕೊಂಡು ಮತ್ತೆ ಬಡಿಸಲು ಬರುತ್ತಿದ್ದರು. ತುರುಬು ನಿಂಬೆಹಣ್ಣಿನಷ್ಟಾಯಿತು. ತಲೆಗೆ ಟವೆಲ್ ಬಿಗಿದರು.

ಊಟದಲ್ಲಿ ಕೂದಲು ಸಿಕ್ಕಿತೆಂದು ಒಬ್ಬೊಬ್ಬರೇ ಬೇರೆ ಕಡೆ ಹೋದರು. ನಾನು ಮಾತ್ರ ಅಕ್ಕನಲ್ಲಿಗೇ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ನನ್ನ ಝುಣಕದಲ್ಲೂ ಉದ್ದನೆಯ ಕೂದಲು ಬಂತು. ಮೆಲ್ಲಗೆ ಎಳೆದು ತಟ್ಟೆಯ ಕೆಳಗಿಟ್ಟು, ಏನೂ ಆಗದವನಂತೆ ಉಂಡೆ. ತಲೆ ಎತ್ತಿದರೆ ಅಕ್ಕ ರೊಟ್ಟಿ ಹಿಡಿದು ಎದುರಿಗೇ ನಿಂತಿದ್ದರು.

"ಇನ್ನೊಂದ್ ಹಾಕ್ರಿ ಅಕ್ಕಾರ" ಎಂದೆ.

"ಸಾಕ್ ಬಿಡ್ರಿ" ಎಂದರು. "ಏಳ್ರಿ."