ಕಣ್ಣಿಗೆ ಕಾಣದ ಬೆಳಕು ಮತ್ತು ಶಾಲೆಯ ಗೇಟು

ವಿಜ್ಞಾನದ ಟೀಚರಿಗೇ ವೆಲ್ಡಿಂಗ್ ಬೆಳಕು ಕಣ್ಣಿಗೆ ಬಡಿಯಿತು ಎಂದರೆ ಕೇಳಿದವರು ನಗುತ್ತಾರೆ. ನನ್ನ ಯಜಮಾನರು ಈಗಲೂ ಮನೆಗೆ ನೆಂಟರು ಬಂದರೆ ಚಹಾ ಬರುವುದಕ್ಕೆ ಮೊದಲೇ ಈ ಕಥೆ ಶುರುಮಾಡುತ್ತಾರೆ. ಅವರು ಹೇಳುವಾಗ ಅರ್ಧ ಬಿಟ್ಟುಹೋಗುತ್ತದೆ, ಅದೂ ಮುಖ್ಯವಾದ ಅರ್ಧ. ಅದಕ್ಕೆ ನಾನೇ ಹೇಳಿಬಿಡುವುದು ವಾಸಿ.

ಹೈಸ್ಕೂಲಿನಲ್ಲಿ ಪಾಠ ಮಾಡುತ್ತ ಹತ್ತೊಂಬತ್ತು ವರ್ಷವಾಯಿತು. ಮೊದಲು ಜೇವರ್ಗಿ ಕಡೆ, ಆಮೇಲೆ ಆಳಂದದ ಖಜೂರಿ ಹತ್ತಿರ, ಈಗ ಅಫಜಲಪುರದಿಂದ ಹವಳಗಾ ಕಡೆ ಹೋಗುವ ರಸ್ತೆಯ ಮೇಲಿನ ಒಂದು ಊರು. ಊರು ಬದಲಾದರೂ ಬೆಳಕಿನ ಪಾಠ ಬದಲಾಗಲಿಲ್ಲ. ಬೋರ್ಡಿನ ಉದ್ದಕ್ಕೂ ಒಂದು ಗೆರೆ ಎಳೆಯುತ್ತೇನೆ. ಈ ತುದಿಗೆ ರೇಡಿಯೋ ಅಲೆ, ಆ ತುದಿಗೆ ಗಾಮಾ ಕಿರಣ. ನಡುವೆ ಬೆರಳಗಲ ಜಾಗ ತೋರಿಸಿ, "ನಮ್ಮ ಕಣ್ಣಿಗೆ ಕಾಣೂದು ಇಷ್ಟೇ" ಅನ್ನುತ್ತೇನೆ. ಮೊಬೈಲಿಗೆ ಮಾತು ತರುವುದು, ಒಲೆಯ ಮುಂದೆ ಕೂತಾಗ ಮೈಗೆ ತಾಗುವುದು, ದವಾಖಾನೆಯಲ್ಲಿ ಎಲುಬಿನ ಫೋಟೋ ತೆಗೆಯುವುದು ಎಲ್ಲ ಒಂದೇ ಮನೆತನದವು, ಅಲೆಯ ಉದ್ದ ಮಾತ್ರ ಬೇರೆ ಎಂದರೆ ಮಕ್ಕಳು ನಂಬುವುದಿಲ್ಲ; ಆದರೆ ಬರೆದುಕೊಳ್ಳುತ್ತಾರೆ. ಜೇವರ್ಗಿಯಲ್ಲಿ ಒಬ್ಬಳು 'ನೇರಳಾತೀತ' ಎಂಬ ಶಬ್ದ ಕೇಳಿ, ನೇರಳೆಹಣ್ಣು ಜಾಸ್ತಿ ತಿಂದರೆ ಬರುವ ಬೇನೆ ಏನ್ರಿ ಎಂದು ಕೇಳಿದ್ದಳು. ಆ ಶಬ್ದ ಕಟ್ಟಿದವರು ಅವಳಿಗೆ ಸಿಕ್ಕಿದ್ದರೆ ಚೆನ್ನಾಗಿತ್ತು.

ಕಬ್ಬಿನ ಹಂಗಾಮಿನಲ್ಲಿ ಒಂದು ಟ್ರ್ಯಾಕ್ಟರು ಹಿಂದಕ್ಕೆ ಸರಿಯುವಾಗ ನಮ್ಮ ಶಾಲೆಯ ಗೇಟಿಗೆ ಗುದ್ದಿತು. ಗೇಟಿನ ಒಂದು ಬಾಗಿಲು ಕಿತ್ತು ಬಂತು. ಅದನ್ನು ಕೂಡಿಸಲು ಊರಿನ ವೆಲ್ಡರ್ ಸಿದ್ರಾಮಪ್ಪ ಬಂದರು. ಅವರ ಮಗಳು ಅಂಬಿಕಾ ನನ್ನ ಹತ್ತನೇ ತರಗತಿಯಲ್ಲೇ ಇದ್ದಳು. ನಾನು ಹಿಂದಿನ ದಿನವಷ್ಟೇ ನೇರಳಾತೀತ ಕಿರಣದ ಪಾಠ ಮುಗಿಸಿದ್ದೆ. ವೆಲ್ಡಿಂಗಿನ ಬೆಳಕಿನಲ್ಲಿ ಅದು ಇರುತ್ತದೆ ಎಂದು ನಾನೇ ಬರೆಸಿದ್ದೆ. ಈಗ ಅದು ತಾನಾಗಿ ಶಾಲೆಯ ಬಾಗಿಲಿಗೆ ಬಂದು ನಿಂತಿದೆ. ಪ್ರಯೋಗಾಲಯ ಎಂದರೆ ಒಂದು ಬೀರು, ಎರಡು ಮಸೂರ ಎನ್ನುವಂಥ ಶಾಲೆಯಲ್ಲಿ ಇಂಥ ಅವಕಾಶ ಯಾರು ಬಿಡುತ್ತಾರೆ? ಮಕ್ಕಳನ್ನೆಲ್ಲ ಸಾಲಾಗಿ ಹೊರಗೆ ಕರೆದುಕೊಂಡು ಹೋದೆ.

ಸಿದ್ರಾಮಪ್ಪ ಕಪ್ಪು ಗಾಜಿನ ಮರೆಯನ್ನು ಮುಖದಿಂದ ಸರಿಸಿ, "ನೋಡಬ್ಯಾಡ್ರಿ ಟೀಚರ್ರಿ, ಹುಡುಗ್ರ ಕಣ್ಣಿಗಿ ತ್ರಾಸ ಆಗ್ತದ" ಅಂದರು.

"ದೂರ ನಿಂದರತೀವ್ರಿ," ಅಂದೆ ನಾನು. ದೂರ ಎರಡು ಪಟ್ಟಾದರೆ ಬೆಳಕಿನ ತೀವ್ರತೆ ನಾಲ್ಕರಲ್ಲಿ ಒಂದು ಪಾಲು ಆಗುತ್ತದೆ ಎಂಬ ನಿಯಮವನ್ನೂ ಅಲ್ಲೇ ಹೇಳಿದೆ. ನಿಯಮ ಸರಿಯಾಗಿಯೇ ಇತ್ತು. ಆದರೆ ಮಕ್ಕಳು ನಿಯಮ ಕೇಳುತ್ತ ಕೇಳುತ್ತ ಒಂದೊಂದೇ ಹೆಜ್ಜೆ ಮುಂದೆ ಬಂದರು, ಅವರ ಜೊತೆ ನಾನೂ ಬಂದೆ. ಇಪ್ಪತ್ತು ಅಡಿ ಎಂಟು ಅಡಿಯಾಗಿತ್ತು. ಸಿದ್ರಾಮಪ್ಪ ಇನ್ನೊಮ್ಮೆ "ಬ್ಯಾಡ್ರಿ" ಅಂದರು. "ಓರೆಗಣ್ಣಿಲೆ ನೋಡ್ರಿ" ಎಂದು ಮಕ್ಕಳಿಗೆ ಹೇಳಿ ನಾನು ಮಾತು ಮುಂದುವರಿಸಿದೆ. ಪೂರ್ತಿ ಒಂದು ಪೀರಿಯಡ್ಡು.

ಅಂಬಿಕಾ ಒಬ್ಬಳೇ ನಮಗೆಲ್ಲ ಬೆನ್ನು ತಿರುಗಿಸಿ, ಕಾಂಪೌಂಡಿನ ಗೋಡೆ ನೋಡುತ್ತ ನಿಂತಿದ್ದಳು. ಗೆಳತಿಯರ ಮುಂದೆ ಅಪ್ಪ ನೆಲದ ಮೇಲೆ ಕೂತು ಕೆಲಸ ಮಾಡುವುದು ಅವಳಿಗೆ ನಾಚಿಕೆಯಾಗಿರಬೇಕು ಎಂದು ನಾನು ತಿಳಿದೆ. ಅವಳನ್ನು ಬದಿಗೆ ಕರೆದು ಕಾಯಕದ ಬಗ್ಗೆ, ದುಡಿಯುವ ತಂದೆಯ ಬಗ್ಗೆ ಐದು ನಿಮಿಷ ಹೇಳಿದೆ. ಚೆನ್ನಾಗಿಯೇ ಹೇಳಿದೆ ಅನ್ನಿಸಿತು. ಅವಳು ತಲೆ ತಗ್ಗಿಸಿ ಕೇಳಿ, "ಹೌದ್ರಿ ಟೀಚರ್ರಿ" ಅಂದು, ಮತ್ತೆ ಗೋಡೆಯ ಕಡೆಗೇ ತಿರುಗಿದಳು.

ಸಂಜೆ ಅಫಜಲಪುರದ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಕಣ್ಣಲ್ಲಿ ನೀರು ಬರತೊಡಗಿತು. ಉಳ್ಳಾಗಡ್ಡಿ ಹೆಚ್ಚಿರಲಿಲ್ಲ. ಹಿಟ್ಟು ಹಾರಿರಬೇಕು ಎಂದು ಮುಖ ತೊಳೆದೆ. ಸ್ವಲ್ಪ ಹೊತ್ತಿಗೆ ರೆಪ್ಪೆಯ ಒಳಗೆ ಯಾರೋ ಮುಷ್ಟಿಗಟ್ಟಲೆ ಉಸುಕು ಸುರಿದಂತೆ ಉರಿ. ದೀಪದ ಕಡೆ ನೋಡಲಾಗದು, ಕಣ್ಣು ಮುಚ್ಚಿದರೂ ಆಗದು. ಯಜಮಾನರು ಒಲೆ ಆರಿಸಿ ನನ್ನನ್ನು ಕೈಹಿಡಿದು ಒಳಗೆ ಕೂಡಿಸಿದರು. ನನಗೆ ಆಗ ಥಟ್ಟನೆ ಹೊಳೆಯಿತು. ಹೊಳೆದ ಕೂಡಲೇ ನನ್ನ ಕಣ್ಣಿನ ಚಿಂತೆ ಹೋಗಿ, ಮೂವತ್ತೆರಡು ಮಕ್ಕಳ ಚಿಂತೆ ಹತ್ತಿತು.

ಅಷ್ಟರಲ್ಲಿ ಫೋನು ಬಂತು. ಅಂಬಿಕಾ.

"ಟೀಚರ್ರಿ, ಕಣ್ಣಾಗ ಉಸುಕ ಬಿದ್ದಂಗ ಆಗ್ಯಾದೇನ್ರಿ?"

"ಹೌದವ್ವ."

"ತಿಕ್ಕಬ್ಯಾಡ್ರಿ. ತಣ್ಣೀರಾಗ ಅರಬಿ ತೊಯ್ಸಿ ಕಣ್ಣಿನ ಮ್ಯಾಲ ಇಟ್ಕೋರಿ. ಬಟಾಟಿ ಹೋಳು, ಎದಿಹಾಲು ಅಂತ ಮಂದಿ ಏನೇನರ ಹೇಳ್ತಾರ, ಏನೂ ಹಾಕಬ್ಯಾಡ್ರಿ. ಮುಂಜಾನಿ ದವಾಖಾನಿಗಿ ತೋರಸ್ರಿ. ಎರಡು ದಿನಕ್ಕ ಕಮ್ಮಿ ಆಗ್ತದಂತ ಅಪ್ಪ ಹೇಳಂದಾನ."

"ಹುಡುಗ್ರು ಹ್ಯಾಂಗ ಇದ್ದಾರ?"

"ಎಲ್ಲಾರ ಮನಿಗಿ ಹೇಳಾಕತ್ತೇನ್ರಿ. ಫೋನ್ ಇಲ್ಲದವರ ಮನಿಗಿ ಅಪ್ಪ ಗಾಡಿ ಮ್ಯಾಲ ಹೋಗ್ಯಾನ."

ಮರುದಿನ ತಾಲ್ಲೂಕು ದವಾಖಾನೆಯಲ್ಲಿ ಹದಿನಾಲ್ಕು ಮಕ್ಕಳು ಒಂದೇ ಬೆಂಚಿನ ಸುತ್ತ ಕಣ್ಣು ಮುಚ್ಚಿ ಕೂತಿದ್ದರು. ಹದಿನೈದನೆಯವಳಾಗಿ ನಾನು ಸೇರಿಕೊಂಡೆ. ಡಾಕ್ಟರು ಎಲ್ಲರ ಕಣ್ಣೂ ನೋಡಿ, ಗಾಬರಿಯಿಲ್ಲ, ಗಾಯ ಮೇಲುಮೇಲಿನದು ಎಂದರು. ನನ್ನ ಸರದಿ ಬಂದಾಗ, "ಟೀಚರ್, ನೀವು ಯಾವ ವಿಷಯ ತಗೋತೀರಿ?" ಎಂದು ಕೇಳಿದರು.

"ವಿಜ್ಞಾನ."

ಅವರು ನಗಲಿಲ್ಲ. ಸುಮ್ಮನೆ ಕಣ್ಣಿಗೆ ಹಾಕುವ ಔಷಧ ಬರೆದುಕೊಟ್ಟರು. ನಕ್ಕಿದ್ದರೆ ಒಳ್ಳೆಯದಿತ್ತು.

ಮೂರನೆಯ ದಿನಕ್ಕೆ ಎಲ್ಲರ ಕಣ್ಣೂ ತಿಳಿಯಾದವು. ಯಜಮಾನರ ಕಥೆ ಇಲ್ಲಿಗೆ ಮುಗಿಯುತ್ತದೆ. ಶಾಲೆಯಲ್ಲಿ ಮುಗಿದಿರಲಿಲ್ಲ. ಪಾಲಕರು ಸಿಟ್ಟಾಗಿದ್ದರು, ಸಭೆ ಕರೆದಿದ್ದರು. ಸಭೆಗೆ ಮೊದಲು ನಮ್ಮ ಹೆಡ್ಮಾಸ್ತರು ನನ್ನನ್ನು ಕೋಣೆಗೆ ಕರೆದರು. ಒಳ್ಳೆಯ ಮನುಷ್ಯರೇ; ನಿವೃತ್ತಿಗೆ ಹತ್ತಿರವಿದ್ದರು, ಗದ್ದಲ ಬೇಡವಾಗಿತ್ತು. "ವೆಲ್ಡಿಂಗ್ ಮಾಡಾಂವ ತಗಡ ಅಡ್ಡ ಇಟ್ಟಿರಲಿಲ್ಲ ಅಂತ ಬರೀರಿ. ಅಂವ ಹೊರಗಿನ ಮನುಷ್ಯ, ನಿಮಗ ತಕ್ಲೀಫ್ ಇಲ್ಲ" ಅಂದರು.

ನಾನು ಬರೆದೆ. ಇದನ್ನು ಹೇಳಲೇಬೇಕು. ತಗಡು ಇಟ್ಟಿರಲಿಲ್ಲ ಎಂಬುದು ಸುಳ್ಳೂ ಅಲ್ಲವಲ್ಲ ಎಂದು ಮನಸ್ಸಿಗೆ ಹೇಳಿಕೊಂಡು, ಚೆಂದದ ಅಕ್ಷರದಲ್ಲಿ ಬರೆದು ಕೊಟ್ಟೆ.

ಸಭೆಯಲ್ಲಿ ಹೆಡ್ಮಾಸ್ತರು ಅದನ್ನು ಓದಿದರು. ಎಲ್ಲರ ಮುಖ ಸಿದ್ರಾಮಪ್ಪನವರ ಕಡೆ ತಿರುಗಿತು. ಇನ್ನು ಮೇಲೆ ಈತನ ಕೈಲಿ ಶಾಲೆಯ ಕೆಲಸ ಮಾಡಿಸಬಾರದು ಎಂದು ಒಬ್ಬರು ಅಂದರು. ಸಿದ್ರಾಮಪ್ಪ ಎದ್ದು ನಿಂತರು. ಅವರು ನನ್ನ ಕಡೆ ನೋಡಲಿಲ್ಲ.

"ಹೌದ್ರಿ, ತಗಡ ಇಡಬೇಕಿತ್ತು. ನಂದ ತಪ್ಪು" ಅಂದರು, ಕೂತರು.

ಅಷ್ಟು ಸರಳವಾಗಿ ಒಬ್ಬರು ತಪ್ಪು ಒಪ್ಪಿಕೊಂಡದ್ದನ್ನು ನಾನು ನೋಡಿರಲಿಲ್ಲ, ಅದೂ ತಮ್ಮ ಪಾಲಿನದಕ್ಕಿಂತ ಹೆಚ್ಚು ತಪ್ಪು. ನಾನೂ ಎದ್ದು ನಿಂತೆ.

"ನೋಡಬ್ಯಾಡ್ರಿ ಅಂತ ಅವರು ಎರಡು ಸಲ ಹೇಳಿದ್ರು. ಹುಡುಗ್ರನ್ನ ಕರ್ಕೊಂಡು ಹೋದಾಕಿ ನಾನು. ನಿಂದ್ರಿಸಿ ತೋರಿಸಿದಾಕಿನೂ ನಾನ."

ಹಿಂದಿನ ಸಾಲಿನಿಂದ ಒಬ್ಬ ತಂದೆ ಕೇಳಿದರು. "ಅದರಲಿಂದ ಕಣ್ಣಿಗಿ ತ್ರಾಸ ಅದ ಅಂತ ನಿಮಗ ಗೊತ್ತಿರಲಿಲ್ಲೇನ್ರಿ?"

"ಗೊತ್ತಿತ್ರಿ. ಹಿಂದಿನ ದಿನ ನಾನ ಬೋರ್ಡ್ ಮ್ಯಾಲ ಬರೆದಿದ್ದೆ."

"ಮತ್ತ?"

"ತಪ್ಪು ನಂದರಿ" ಅಂದೆ. ಹೆಡ್ಮಾಸ್ತರು ನನ್ನ ಕಾಗದ ವಾಪಸು ಕೊಟ್ಟು ಬೇರೆ ಬರೆಸಿಕೊಂಡರು. ಮೇಲಿನವರಿಂದ ನನಗೊಂದು ಎಚ್ಚರಿಕೆಯ ಪತ್ರ ಬಂತು. ಬಂದದ್ದು ನ್ಯಾಯವೇ.

ಅಂಬಿಕಾಳನ್ನು ಕರೆದು, ಅವತ್ತು ಗೋಡೆಯ ಹತ್ತಿರ ಹೇಳಿದ ಮಾತಿಗೆ ಬೇಸರ ಮಾಡಿಕೊಳ್ಳಬೇಡ ಎಂದೆ. ಬೆಳಕು ನೋಡಬಾರದೆಂದು ನೀನು ತಿರುಗಿ ನಿಂತದ್ದು ನನಗೆ ತಿಳಿಯಲಿಲ್ಲ ಎಂದೆ. ಅವಳು, "ಇರ್ಲಿ ಬಿಡ್ರಿ. ಮಾತು ಛಲೋ ಇತ್ತರಿ. ಮನ್ಯಾಗ ಅಪ್ಪಗ ಹೇಳಿದೆ, ಅಂವ ಭಾಳ ಖುಷಿಯಾದ" ಅಂದಳು.

ಆಮೇಲೆ ಸಿದ್ರಾಮಪ್ಪನವರನ್ನು ಒಂದು ಪೀರಿಯಡ್ಡಿಗೆ ಕರೆದೆ. ನಾಕನೇ ಇಯತ್ತೆಗೇ ಸಾಲಿ ಬಿಟ್ಟಾಂವರಿ ನಾನು, ಎಂದು ಮೊದಲು ಒಲ್ಲೆ ಅಂದರು. ಬಂದ ಮೇಲೆ ಖುರ್ಚಿಯಲ್ಲಿ ಕೂರಲಿಲ್ಲ. ಆ ಕಪ್ಪು ಗಾಜನ್ನು ಮಕ್ಕಳ ಕೈಗೆ ಕೊಟ್ಟು ಹೇಳಿದರು: "ಬೆಂಕಿ ಮುಟ್ಟಿದ್ರ ಕೂಡ್ಲೆ ಚುರ್ ಅಂತದ, ಕೈ ಹಿಂದ ತಗೋತೀರಿ. ಇದು ಹಂಗ ಅಲ್ಲ. ಬಡಿವಾಗ ಗೊತ್ತ ಆಗಂಗಿಲ್ಲ. ಸಂಜಿಗಿ ಗೊತ್ತಾಗ್ತದ." ಕಲಿಯುವಾಗ ಗಾಜಿಲ್ಲದೆ ಮಾಡಿದ್ದು, ವಾರಕ್ಕೊಮ್ಮೆ ಕಣ್ಣು ಕಟ್ಟಿ ಮಲಗಿದ್ದು, ಈಗ ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯುವುದು ಎಲ್ಲ ಹೇಳಿದರು. ಯಾರೂ ಬರೆದುಕೊಳ್ಳಲಿಲ್ಲ. ಎಲ್ಲರೂ ಕೇಳಿದರು.

ಪರೀಕ್ಷೆಯಲ್ಲಿ ನೇರಳಾತೀತ ಕಿರಣದಿಂದಾಗುವ ತೊಂದರೆ ಬರೆಯಿರಿ ಎಂದು ಕೇಳಿದೆ. ಹೆಚ್ಚುಕಡಿಮೆ ಇಡೀ ತರಗತಿ ಸಿದ್ರಾಮಪ್ಪನವರ ಮಾತನ್ನೇ ಬರೆದಿತ್ತು: ತಕ್ಷಣ ಗೊತ್ತಾಗುವುದಿಲ್ಲ, ಸಂಜೆಗೆ ಗೊತ್ತಾಗುತ್ತದೆ. ಅಂಬಿಕಾ ಒಬ್ಬಳು ಮಾತ್ರ ಪಠ್ಯಪುಸ್ತಕದ ನಾಲ್ಕು ಸಾಲನ್ನು ಅಲ್ಪವಿರಾಮ ಸಹಿತ ಬರೆದಿದ್ದಳು. ಉತ್ತರಪತ್ರಿಕೆ ಕೊಡುವಾಗ ಕೇಳಿದೆ, ನಿಮ್ಮಪ್ಪ ಹೇಳಿದ್ದು ಯಾಕೆ ಬರೆಯಲಿಲ್ಲ?

"ಅದು ನನಗ ಸಣ್ಣಾಕಿ ಇದ್ದಾಗಿನಿಂದ ಗೊತ್ತದರಿ," ಅಂದಳು. "ಪುಸ್ತಕದಾಗಿನದು ನಾ ಈ ವರ್ಷ ಓದಿ ಕಲ್ತದ್ದು. ಅದನ್ನ ಬರೆದೀನಿ."

ಎಲ್ಲರಿಗೂ ಪೂರ್ತಿ ಅಂಕ ಕೊಟ್ಟೆ.